ನಿಪ್ಪಾಣಿಯ ಸರಲಷ್ಕರ



ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಚರಿತ್ರೆಯಲ್ಲಿ ಅಶ್ವದಳದ ನಾಯಕನೆಂದೊಡನೆ ಪ್ರಷ್ಯಾ ದೇಶದ ಬ್ಲೂಖರನ ಹೆಸರು ನೆನಪಿಗೆ ಬರುತ್ತದೆ. 1742ರಲ್ಲಿ ಹುಟ್ಟಿದ ಈತನು ಮೊದಲು ಸ್ವೀಡನ್ ದೇಶದ ಸವಾರನಾಗಿದ್ದು, 1760ರಲ್ಲಿ ಪ್ರಷ್ಯನರಿಗೆ ಸೆರೆಸಿಕ್ಕಿ, ಸೆರೆಹಿಡಿದವರ ಸೈನ್ಯಕ್ಕೇ ಸೇರಿದನು. ತನಗೆ ಸಲ್ಲಬೇಕಾದ ಬಡ್ತಿ ಸಲ್ಲಲಿಲ್ಲವೆಂದು ಮುನಿದು 1773ರಲ್ಲಿ ಕೆಲಸವನ್ನು ಬಿಟ್ಟನು. ದೊರೆಯಾದ ಫ್ರೆಡರಿಕನು ತೀರಿಕೊಂಡ ಮೇಲೆ 1787ರಲ್ಲಿ ಮರಳಿ ಪಡೆಯನ್ನು ಸೇರಿದನು. ಕೊನೆಗೆ 1815ರ ಜೂನ್ 18ರಂದು, ತನ್ನ 72ನೆಯ ವಯಸ್ಸಿನಲ್ಲಿ, ವಾಟರ್ಲೂ ರಣರಂಗಕ್ಕೆ ಹೊತ್ತಿಗೆ ಸರಿಯಾಗಿ ಬಂದೊದಗಿ ನೆಪೋಲಿಯನ್ನನ ಪತನಕ್ಕೆ ಕಾರಣನಾದನು. ಅಂದು ಅವನ ದಾರಿಯನ್ನು ಕಾಯುತ್ತಿದ್ದ ಇಂಗ್ಲಿಷ್ ಸೇನಾಪತಿ ವೆಲಿಂಗ್ಟನ್ ಎಂಬುದು ಎಲ್ಲರೂ ಬಲ್ಲ ಸಂಗತಿ.

ಆದರೆ ಅದೇ ವೆಲಿಂಗ್ಟನ್ನನು ಇನ್ನೂ ಆರ್ಥರ್ ವೆಲ್ಲೆಸ್ಲಿಯಾಗಿದ್ದಾಗ, ಅಂದರೆ ವಾಟರ್ಲೂವಿಗೆ 12 ವರ್ಷಗಳ ಮುಂಚೆ, ಕನ್ನಡ ನಾಡಿನ ಒಬ್ಬ ಕುದುರೆಪಡೆಯ ಸರದಾರನ ನೆರವನ್ನು ಪಡೆದಿದ್ದನೆಂಬುದು ಅಷ್ಟಾಗಿ ಪ್ರಸಿದ್ಧವಾಗಿಲ್ಲ. ಆ ಸರದಾರನೇ ನಿಪ್ಪಾಣಿಯ ಸಿದ್ಧೋಜಿರಾವ್ ನಾಯಕ ನಿಂಬಾಳ್ಕರ್. ಜನರ ಬಾಯಲ್ಲಿಯೂ ಇಂಗ್ಲಿಷರ ಕಾಗದಗಳಲ್ಲಿಯೂ ಅವನು ಅಪ್ಪಾ ದೇಸಾಯಿ. ಪುಣೆಯ ದರ್ಬಾರಿನಲ್ಲಿ ಅವನ ಬಿರುದು ಸರಲಷ್ಕರ, ಎಂದರೆ ದಂಡಿನ ಮುಖ್ಯಸ್ಥ. ಇವನ ಏಳುಬೀಳುಗಳನ್ನು ಹೇಳಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳೆಂಬ ನೆರೆಹೊರೆಯ ಐದು ಊರುಗಳು ಒಂದೊಂದು ಕಾಲಕ್ಕೆ ಒಂದೊಂದು ಒಡೆತನಕ್ಕೆ ಹೇಗೆ ಹಂಚಿಹೋದವೆಂಬುದನ್ನು ವಿವರಿಸುವುದೇ ನಮ್ಮ ಈ ಉಪನ್ಯಾಸದ ಉದ್ದೇಶ.

ಮೊದಲು ಸೀಮೆಯ ಪರಿಚಯವನ್ನು ಮಾಡಿಕೊಳ್ಳೋಣ. ಕೃಷ್ಣಾ ನದಿಯೂ ಅದನ್ನು ಸೇರುವ ದೂಧಗಂಗಾ, ವೇದಗಂಗಾ ಹೊಳೆಗಳೂ ಹರಿಯುವ ಈ ಪ್ರದೇಶವು ಬೆಳಗಾವಿ ಜಿಲ್ಲೆಯ ಉತ್ತರ ಭಾಗ. ಕರಿಯ ನೆಲ, ಜೋಳದ ಹೊಲ, ಹೊಳೆಯ ದಂಡೆಗಳಲ್ಲಿ ಹುಲ್ಲು; ಮನೆಗಳಲ್ಲಿ ಕನ್ನಡವೂ ಮರಾಠಿಯೂ ಕೂಡಿ ನಡೆಯುವ ಬಾಳು. ಪುಣೆಯಿಂದ ತುಂಗಭದ್ರೆಯ ಕಡೆಗೆ ದಂಡು ಹೊರಟರೆ ಈ ಸೀಮೆಯನ್ನು ಹಾದೇ ಹೋಗಬೇಕು. ಪಶ್ಚಿಮಕ್ಕೆ ಕೊಲ್ಲಾಪುರದ ಛತ್ರಪತಿಗಳು, ಉತ್ತರಕ್ಕೆ ಮಿರಜ್, ಸಾಂಗ್ಲಿ, ತಾಸಗಾಂವಗಳ ಪಟವರ್ಧನ ಸರದಾರರು, ಇವರಿಬ್ಬರ ನಡುವೆ ಈ ನೆಲ. ಬಲಿಷ್ಠರಿಬ್ಬರ ಗಡಿಯಲ್ಲಿ ಬಾಳುವವನು ಯಾವಾಗಲೂ ಕುದುರೆಗೆ ಜೀನು ಹಾಕಿಯೇ ಇರಬೇಕು.

ಆ ಕಾಲದ ಕುದುರೆಪಡೆಯ ಏರ್ಪಾಡನ್ನು ತಿಳಿಯದೆ ನಿಪ್ಪಾಣಿಕರನ ಜೀವನವನ್ನು ಅರ್ಥಮಾಡಿಕೊಳ್ಳಲಾಗದು. ಪ್ರಷ್ಯಾದಲ್ಲಿ ಕುದುರೆಯೂ ಕತ್ತಿಯೂ ದೊರೆಯವು; ಸವಾರನ ಹೆಸರು ದೊರೆಯ ಪಟ್ಟಿಯಲ್ಲಿ; ಅಧಿಕಾರಿಗೆ ಸಂಬಳ ಬೊಕ್ಕಸದಿಂದ. ಅಧಿಕಾರಿಯು ಸತ್ತರೆ ಇನ್ನೊಬ್ಬನು ಬರುತ್ತಾನೆ, ದಳವು ಹಾಗೆಯೇ ಉಳಿಯುತ್ತದೆ. ನಮ್ಮಲ್ಲಿಯೂ ಅರಸನ ಪಾಗೆಯ ಕುದುರೆಯನ್ನೇರಿ ಸಂಬಳಕ್ಕೆ ದುಡಿಯುವ ಬಾರಗೀರರಿದ್ದರು. ಆದರೆ ಅವರಿಗಿಂತ ಹೆಚ್ಚಿನ ಮರ್ಯಾದೆ ಸಿಲ್ಲೇದಾರರಿಗೆ. ಸಿಲ್ಲೇದಾರನು ತನ್ನ ಸ್ವಂತ ಕುದುರೆ, ಸ್ವಂತ ಆಯುಧಗಳೊಡನೆ ಚಾಕರಿಗೆ ಬರುವವನು. ಅವನ ಕುದುರೆಯೇ ಅವನ ಆಸ್ತಿ. ಕುದುರೆಯು ಗುಂಡು ತಗಲಿ ಬಿದ್ದರೆ ಅವನ ಜೀವನೋಪಾಯವೂ ಅದರೊಡನೆ ಬಿದ್ದಂತೆಯೇ. ಇಂಥ ಸವಾರರು ಫಿರಂಗಿಗಳ ಬಾಯಿಗೆ ಎದೆಗೊಟ್ಟು ನುಗ್ಗಲು ಹಿಂಜರಿದರೆ ಅದನ್ನು ಹೇಡಿತನವೆಂದು ಕರೆಯುವುದು ತಪ್ಪಾದೀತು. ಶತ್ರುವಿನ ಸುದ್ದಿಯನ್ನು ತರುವುದು, ಅವನ ದವಸದ ಎತ್ತುಗಳನ್ನು ಹೊಡೆಯುವುದು, ತಮ್ಮ ದಂಡಿನ ಸಾಮಗ್ರಿಯನ್ನು ಕಾಯುವುದು, ಓಡುವವರನ್ನು ಬೆನ್ನಟ್ಟುವುದು, ಇವು ಅವರ ಕೆಲಸಗಳು. ಭೀಮಾ ತೀರದಲ್ಲಿ ಬೆಳೆದ ಭೀಮಥಡಿ ಎಂಬ ಗಿಡ್ಡ ಗಟ್ಟಿ ಕುದುರೆಗಳು ಸ್ವಲ್ಪ ಮೇವಿನಲ್ಲಿಯೇ ಬಹುದೂರ ನಡೆದು ಈ ಕೆಲಸಗಳಿಗೆ ಹೇಳಿಮಾಡಿಸಿದಂತಿದ್ದವು.

ಇಂಥ ನೂರಾರು ಸವಾರರನ್ನು ಕೂಡಿಸಿ ಸಾಕುವ ಸರದಾರನಿಗೆ ಪೇಷ್ವೆಯು ನಗದು ಹಣಕ್ಕೆ ಬದಲಾಗಿ ಭೂಮಿಯ ಕಂದಾಯವನ್ನು ಬಿಟ್ಟುಕೊಡುತ್ತಿದ್ದನು. ಅದಕ್ಕೆ ಸರಂಜಾಮು ಎಂದು ಹೆಸರು. ದೇಸಗತಿಯು ಬೇರೆ. ದೇಸಾಯಿಯ ವತನವು ತಂದೆಯಿಂದ ಮಗನಿಗೆ ಬರುವ ಹಕ್ಕು; ಸರಂಜಾಮು ಚಾಕರಿಗಾಗಿ ಕೊಟ್ಟದ್ದು, ಚಾಕರಿ ನಿಂತರೆ ನಿಲ್ಲತಕ್ಕದ್ದು. ಆದರೆ ಕಂದಾಯವೂ ಕುದುರೆಯೂ ಒಬ್ಬನ ಕೈಯಲ್ಲಿಯೇ ಇದ್ದಾಗ ಈ ಭೇದವು ಕಾಗದದಲ್ಲಿ ಮಾತ್ರ ಉಳಿಯುತ್ತದೆ. ಸರದಾರನ ಮಗನು ಸರದಾರನಾಗುತ್ತಾನೆ. ಹಳ್ಳಿಗರು ಅವನನ್ನೇ ಒಡೆಯನೆನ್ನುತ್ತಾರೆ. ನಿಪ್ಪಾಣಿಕರನು ದೇಸಾಯಿಯೂ ಹೌದು, ಸರಂಜಾಮುದಾರನೂ ಹೌದು. ಅವನ ಉತ್ಕರ್ಷವೆಲ್ಲ ಈ ಭೇದವನ್ನು ಜನರು ಮರೆತಿದ್ದರಿಂದ ಆಯಿತು; ಅವನ ಮನೆತನದ ರಾಜ್ಯವು ಅಳಿದದ್ದು ಇಂಗ್ಲಿಷರು ಅದನ್ನು ಮರೆಯದಿದ್ದುದರಿಂದ.

ಹದಿನೆಂಟನೆಯ ಶತಮಾನವು ಮುಗಿಯುವ ಹೊತ್ತಿಗೆ ಈ ಸೀಮೆಯಲ್ಲಿ ಶಾಂತಿಯೆಂಬುದಿರಲಿಲ್ಲ. ಧಾರವಾಡದ ಮುತ್ತಿಗೆಯಲ್ಲಿ ಟಿಪ್ಪುವಿನ ಪಡೆಯೊಡನೆ ಕಾದಿದ್ದ, 1795ರಲ್ಲಿ ಖರ್ಡಾದಲ್ಲಿ ನಿಜಾಮನನ್ನು ಸೋಲಿಸಿದ ಪರಶುರಾಮಭಾವೂ ಪಟವರ್ಧನನಂಥ ಹೆಸರಾಂತ ಸೇನಾನಿಯು 1799ರ ಸೆಪ್ಟೆಂಬರಿನಲ್ಲಿ ಚಿಕ್ಕೋಡಿ ನಿಪ್ಪಾಣಿಗಳ ಸೀಮೆಯ ಪಟ್ಟಣಕುಡಿಯಲ್ಲಿ ಕೊಲ್ಲಾಪುರದವರೊಡನೆ ಕಾದಿ ಮಡಿದನು. ಅದೇ ವರ್ಷ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಸೆರೆಯಿಂದ ಹೊರಬಿದ್ದ ಚನ್ನಗಿರಿಯ ಧೋಂಡಿಯಾ ವಾಘನು ದಿಕ್ಕುಗೆಟ್ಟ ಸವಾರರನ್ನು ಕೂಡಿಸಿಕೊಂಡು ತುಂಗಭದ್ರೆಯಿಂದ ಮಲಪ್ರಭೆಯ ವರೆಗೆ ದೇಶವನ್ನು ನಡುಗಿಸಿದನು. ಮರಾಠಾ ಸರದಾರನಾದ ಧೋಂಡೋಪಂತ ಗೋಖಲೆಯು ಅವನ ಕೈಯಲ್ಲಿ ಸತ್ತನು. ಕೊನೆಗೆ 1800ರ ಸೆಪ್ಟೆಂಬರ್ 10ರಂದು ವೆಲ್ಲೆಸ್ಲಿಯು ತಾನೇ ಅಶ್ವದಳವನ್ನು ನಡಸಿ ಕೋಣಗಲ್ಲಿನಲ್ಲಿ ಧೋಂಡಿಯಾನನ್ನು ಕೊಂದನು. ಒಡೆಯನಿಲ್ಲದ, ನೆಲವಿಲ್ಲದ ಸವಾರನ ಗತಿ ಅದು. ಅಪ್ಪಾ ದೇಸಾಯಿಯಂಥವನು ಅದರಿಂದ ಕಲಿಯಬೇಕಾದ ಪಾಠವು ಸ್ಪಷ್ಟವಾಗಿತ್ತು: ಕುದುರೆಯೊಂದಿದ್ದರೆ ಸಾಲದು, ಕಾಲೂರಲು ನೆಲವೂ ತಲೆಗೆ ನೆರಳೂ ಬೇಕು.

ಆ ನೆರಳು ಪುಣೆಯ ಪೇಷ್ವೆ ಎರಡನೆಯ ಬಾಜಿರಾಯನದು. ಆದರೆ 1802ರ ಅಕ್ಟೋಬರಿನಲ್ಲಿ ಯಶವಂತರಾವ್ ಹೋಳ್ಕರನು ಪುಣೆಯ ಬಳಿ ಪೇಷ್ವೆಯ ಪಡೆಯನ್ನು ಸೋಲಿಸಲಾಗಿ ಬಾಜಿರಾಯನು ಓಡಿಹೋಗಿ, ಆ ವರ್ಷದ ಡಿಸೆಂಬರ್ 31ರಂದು ವಸಯಿಯಲ್ಲಿ ಇಂಗ್ಲಿಷರೊಡನೆ ಕರಾರನ್ನು ಮಾಡಿಕೊಂಡನು. ಅವನನ್ನು ಮತ್ತೆ ಗದ್ದುಗೆಯಲ್ಲಿ ಕೂರಿಸಲು 1803ರ ಮಾರ್ಚಿಯಲ್ಲಿ ವೆಲ್ಲೆಸ್ಲಿಯು ಹರಿಹರದಿಂದ ಹೊರಟು ತುಂಗಭದ್ರೆಯನ್ನು ದಾಟಿ ಉತ್ತರಕ್ಕೆ ನಡೆದನು. ಏಪ್ರಿಲ್ 20ರಂದು ಪುಣೆಯನ್ನು ಮುಟ್ಟಿದನು. ಈ ಯಾತ್ರೆಯಲ್ಲಿ ಅವನ ಚಿಂತೆಯೆಲ್ಲ ದಾರಿಯ ಸರದಾರರದು. ಅವರು ಎದುರಾದರೆ ದವಸವು ಸಿಕ್ಕದು. ಅವರು ಕೂಡಿಬಂದರೆ ದಾರಿಯು ಸುಗಮ. ಹಾಗೆ ಕೂಡಿಬಂದ ಪೇಷ್ವೆಯ ಕಡೆಯ ಸರದಾರರಲ್ಲಿ ಇಬ್ಬರು ಮುಖ್ಯರು: ಒಬ್ಬನು ಧೋಂಡೋಪಂತನ ಮನೆಯ ಬಾಪೂ ಗೋಖಲೆ, ಇನ್ನೊಬ್ಬನು ನಮ್ಮ ಅಪ್ಪಾ ದೇಸಾಯಿ.

ಮೈಸೂರಿನವರಾದ ಶ್ರೋತೃಗಳು ಇಲ್ಲಿ ಇನ್ನೊಂದು ಮಾತನ್ನು ಮರೆಯಬಾರದು. ದಿವಾನ್ ಪೂರ್ಣಯ್ಯನವರು ಕಳುಹಿಸಿದ ಮೈಸೂರು ಸಿಲ್ಲೇದಾರರೂ ಈ ದಂಡಿನಲ್ಲಿದ್ದರು. ಬಿಷ್ಟಪ್ಪ ಪಂಡಿತನು ಅವರ ನಾಯಕ. ನಿಪ್ಪಾಣಿಯ ಸವಾರನೂ ಮೈಸೂರಿನ ಸವಾರನೂ ಒಂದೇ ಹೊಳೆಯಲ್ಲಿ ಕುದುರೆಗೆ ನೀರು ಕುಡಿಸಿ ಒಂದೇ ದಾರಿಯಲ್ಲಿ ನಡೆದರು. ಆಗಸ್ಟ್ 12ರಂದು ಅಹಮದನಗರದ ಕೋಟೆಯು ಬಿದ್ದಿತು. ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಸಿಂಧೆ, ಭೋಂಸ್ಲೆಯವರ ಮಹಾಸೈನ್ಯವು ಎದುರಾಯಿತು. ಅಂದು ಮೈಸೂರು ಮತ್ತು ಪೇಷ್ವೆಯ ಸವಾರರು, ಸುಮಾರು 5,000 ಮಂದಿ, ಕೈಲನಾ ಹೊಳೆಯ ಆಚೆಯ ದಡದಲ್ಲಿ ನಿಂತು ಶತ್ರುವಿನ ಅಪಾರವಾದ ಅಶ್ವಬಲವು ಹಿಂದಿನಿಂದ ಬೀಳದಂತೆ ಕಾದರು. ಫಿರಂಗಿಗಳ ಮೇಲೆ ಏರಿಹೋದ ಕೀರ್ತಿಯು ಇಂಗ್ಲಿಷ್ ಮತ್ತು ಮದರಾಸು ದಳಗಳಿಗೆ ಸಂದಿತು. ಕಾದು ನಿಂತವರ ಕೆಲಸವನ್ನು ಯುದ್ಧದ ಚಿತ್ರಗಳಲ್ಲಿ ಯಾರೂ ಬರೆಯುವುದಿಲ್ಲ. ಆದರೆ ಬೆನ್ನ ಕಾವಲಿಲ್ಲದೆ ಹೊಳೆಯನ್ನು ದಾಟುವ ಧೈರ್ಯವು ಯಾವ ಸೇನಾಪತಿಗೂ ಬರುತ್ತಿರಲಿಲ್ಲ. ನವಂಬರ್ 29ರಂದು ಅಡಗಾಂವ, ಡಿಸೆಂಬರ್ 15ರಂದು ಗಾವಿಲಗಡ. ಅಲ್ಲಿಗೆ ದಖನ್ನಿನ ಯುದ್ಧವು ಮುಗಿಯಿತು.

ಯುದ್ಧವು ಮುಗಿದ ಮೇಲೆ ಸಿಲ್ಲೇದಾರನ ಕಷ್ಟಗಳು ಆರಂಭವಾಗುತ್ತವೆ. ಗೆದ್ದ ಅರಸನು ಸವಾರರ ಸಂಬಳವನ್ನು ಮರೆಯುವುದು ಹೊಸದೇನೂ ಅಲ್ಲ. ಗೋಖಲೆಗೂ ಅಪ್ಪಾ ದೇಸಾಯಿಗೂ ತಕ್ಕ ಸರಂಜಾಮು ಸಲ್ಲಬೇಕೆಂದು ಪೇಷ್ವೆಗೆ ಮನಗಾಣಿಸುವುದಕ್ಕಾಗಿ ವೆಲ್ಲೆಸ್ಲಿಯೇ ಮತ್ತೆ ಮತ್ತೆ ಬರೆಯಬೇಕಾಯಿತು. ಹೀಗೆ ದೇಸಾಯಿಗೆ ಎರಡು ಕಡೆಯ ಋಣವೂ ಬಲವೂ ಒದಗಿದವು. ಪೇಷ್ವೆಯ ಸನದು ಅವನ ಕೈಯಲ್ಲಿತ್ತು. ಇಂಗ್ಲಿಷರ ವಿಶ್ವಾಸವು ಅವನ ಬೆನ್ನಿಗಿತ್ತು. ನಿಪ್ಪಾಣಿಯಲ್ಲಿ ಕೋಟೆಯೂ ವಾಡೆಯೂ ಬೆಳೆದವು. ಊರು ಹಳ್ಳಿಯಾಗಿ ಉಳಿಯದೆ ಒಂದು ಸಂಸ್ಥಾನದ ಬೀಡಾಯಿತು.

ಈ ಬಲವನ್ನು ಅವನು ಯಾರ ಮೇಲೆ ಪ್ರಯೋಗಿಸಿದನು? ನೆರೆಯ ಕೊಲ್ಲಾಪುರದ ಮೇಲೆ. ಚಿಕ್ಕೋಡಿ ಮತ್ತು ಮನೋಳಿ, ಅಂದರೆ ಸವದತ್ತಿಯ ಬಳಿಯ ಮುನವಳ್ಳಿ, ಈ ಎರಡು ತಾಲ್ಲೂಕುಗಳ ವಿಷಯದಲ್ಲಿ ಪುಣೆಗೂ ಕೊಲ್ಲಾಪುರಕ್ಕೂ ಹಳೆಯ ವ್ಯಾಜ್ಯವಿತ್ತು. ಪೇಷ್ವೆಯ ಹೆಸರಿನಲ್ಲಿ ದೇಸಾಯಿಯು ಕೊಲ್ಲಾಪುರದ ಮೇಲೆ ದಂಡೆತ್ತಿ ಈ ತಾಲ್ಲೂಕುಗಳನ್ನು ಹಿಡಿದನು. ಹೆಸರು ಪೇಷ್ವೆಯದು, ಕಂದಾಯವು ನಿಪ್ಪಾಣಿಯದು. ಕೊಲ್ಲಾಪುರದ ಶಿವಾಜಿ ಛತ್ರಪತಿಯು ಬಹಳವಾಗಿ ಸೋತು ಇಂಗ್ಲಿಷರ ಆಶ್ರಯವನ್ನು ಬೇಡಿದನು. 1812ರ ಅಕ್ಟೋಬರಿನಲ್ಲಿ ಆದ ಕರಾರಿನಂತೆ ಛತ್ರಪತಿಯು ಮಾಲವಣದ ಬಂದರನ್ನು ಇಂಗ್ಲಿಷರಿಗೆ ಒಪ್ಪಿಸಿ, ಚಿಕ್ಕೋಡಿ ಮನೋಳಿಗಳ ಮೇಲಿನ ತನ್ನ ಹಕ್ಕನ್ನು ಬಿಟ್ಟುಕೊಟ್ಟನು. ಇಂಗ್ಲಿಷರು ಅವನ ಉಳಿದ ರಾಜ್ಯವನ್ನು ಕಾಪಾಡುವ ಹೊಣೆಯನ್ನು ಹೊತ್ತರು. ಅದೇ ವರ್ಷ ಪುಣೆಯ ರೆಸಿಡೆಂಟನಾಗಿದ್ದ ಎಲ್ಫಿನ್‌ಸ್ಟನ್ನನು ಪಂಢರಪುರದಲ್ಲಿ ದಕ್ಷಿಣದ ಜಹಗೀರದಾರರಿಗೂ ಪೇಷ್ವೆಗೂ ಒಂದು ಒಪ್ಪಂದವನ್ನು ಮಾಡಿಸಿದನು: ಸನದಿನಲ್ಲಿರುವ ಭೂಮಿಯು ಜಹಗೀರದಾರರದು, ಅದನ್ನು ಮೀರಿ ಒತ್ತಿಕೊಂಡದ್ದನ್ನು ಬಿಡಬೇಕು, ಪದ್ಧತಿಯಂತೆ ಪೇಷ್ವೆಯ ಚಾಕರಿಯನ್ನು ಮಾಡಬೇಕು.

ಮೇಲುನೋಟಕ್ಕೆ 1812 ನಿಪ್ಪಾಣಿಕರನ ವೈಭವದ ಶಿಖರ. ಒಬ್ಬ ಛತ್ರಪತಿಯನ್ನು ತಗ್ಗಿಸಿದ ದೇಸಾಯಿಯ ಹೆಸರು ಸುತ್ತಲೂ ಹಬ್ಬಿತು. ಆದರೆ ನಾವು ನೋಡುವಂತೆ ಅವನ ಇಳಿತದ ಮೊದಲ ಹೆಜ್ಜೆಯೂ ಅದೇ ವರ್ಷದ್ದು. ಅದುವರೆಗೆ ಈ ಸೀಮೆಯ ಗಡಿಗಳನ್ನು ಕುದುರೆಯ ಗೊರಸು ಬರೆಯುತ್ತಿತ್ತು. ಅಂದಿನಿಂದ ಕರಾರಿನ ಲೇಖನಿಯು ಬರೆಯತೊಡಗಿತು. ಇಂಗ್ಲಿಷರು ಹೊಣೆಹೊತ್ತ ರಾಜ್ಯದ ಮೇಲೆ ಇನ್ನು ಯಾರೂ ದಂಡೆತ್ತುವಂತಿಲ್ಲ. ಸನದಿನಲ್ಲಿಲ್ಲದ ಹಳ್ಳಿಯು ಯಾರದೂ ಆಗದು. ದಂಡಯಾತ್ರೆಯಿಂದಲೇ ಬೆಳೆದವನಿಗೆ ಬೆಳೆಯಲು ಬೇರೆ ದಾರಿಯಿರಲಿಲ್ಲ.

ಐದು ವರ್ಷಗಳಲ್ಲಿ ದೊಡ್ಡ ಪರೀಕ್ಷೆಯು ಬಂದಿತು. 1817ರ ನವಂಬರ್ 5ರಂದು ಖಡಕಿಯಲ್ಲಿ ಬಾಜಿರಾಯನು ಇಂಗ್ಲಿಷರ ಮೇಲೆ ಬಿದ್ದು ಸೋತನು. 1803ರಲ್ಲಿ ವೆಲ್ಲೆಸ್ಲಿಯ ಜೊತೆಗಿದ್ದ ಇಬ್ಬರು ಸಂಗಾತಿಗಳ ದಾರಿಯು ಇಲ್ಲಿ ಬೇರೆಯಾಯಿತು. ಬಾಪೂ ಗೋಖಲೆಯು ಪೇಷ್ವೆಯ ಸೇನಾಪತಿಯಾಗಿ ಕೊನೆಯ ವರೆಗೆ ನಿಂತು, 1818ರ ಫೆಬ್ರವರಿಯಲ್ಲಿ ಅಷ್ಟಿಯಲ್ಲಿ, ಒಡೆಯನು ಓಡಿಹೋಗಲು ಹೊತ್ತು ಸಿಕ್ಕಲೆಂದು ಇಂಗ್ಲಿಷ್ ಅಶ್ವದಳವನ್ನು ತಡೆಯುತ್ತ ಕತ್ತಿಹಿಡಿದೇ ಸತ್ತನು. ಅಪ್ಪಾ ದೇಸಾಯಿಯು ಪೇಷ್ವೆಯನ್ನು ಪೂರಾ ಬಿಡಲೂ ಇಲ್ಲ, ಅವನಿಗಾಗಿ ಪ್ರಾಣವನ್ನು ಪಣಕ್ಕಿಡಲೂ ಇಲ್ಲ. ಅಷ್ಟರಲ್ಲಿ ಮನ್ರೋ ಸಾಹೇಬನು ಧಾರವಾಡದಿಂದ ಹೊರಟು ಗದಗು, ಹುಬ್ಬಳ್ಳಿ, ಬಾದಾಮಿಗಳನ್ನು ಹಿಡಿದು, ಏಪ್ರಿಲ್ 10ರಂದು ಬೆಳಗಾವಿಯ ಕೋಟೆಯನ್ನೂ ತೆಗೆದುಕೊಂಡನು. ಬೆಳಗಾವಿಯು ಬಿದ್ದ ಮೇಲೆ ನಿಪ್ಪಾಣಿಗೆ ಉಳಿದದ್ದು ಶರಣಾಗತಿಯ ದಾರಿಯೊಂದೇ.

ಇಂಗ್ಲಿಷರು ಅವನ ಮೂಲ ಸರಂಜಾಮನ್ನು ಅವನಿಗೇ ಬಿಟ್ಟರು. ಆದರೆ ತಡಮಾಡಿ ಬಂದುದಕ್ಕಾಗಿ ಚಿಕ್ಕೋಡಿ ಮನೋಳಿಗಳನ್ನು ಕಿತ್ತುಕೊಂಡು, ಯುದ್ಧದಲ್ಲಿ ತಮ್ಮ ಕಡೆಗೆ ನಿಂತಿದ್ದ ಕೊಲ್ಲಾಪುರಕ್ಕೇ ಕೊಟ್ಟುಬಿಟ್ಟರು. ಯಾರಿಂದ ಗೆದ್ದಿದ್ದನೋ ಅವರಿಗೇ ಹೋಯಿತು! ಸರದಾರನಿಗೆ ಇದಕ್ಕಿಂತ ಹೆಚ್ಚಿನ ಮುಖಭಂಗವಿಲ್ಲ. ಆದರೆ ಕೊಲ್ಲಾಪುರದ ಸಂತೋಷವೂ ಬಹುಕಾಲ ಬಾಳಲಿಲ್ಲ. ಮುಂದೆ ಪಟ್ಟಕ್ಕೆ ಬಂದ ಶಹಾಜಿ ಛತ್ರಪತಿಯು ನೆರೆಯವರ ಮೇಲೆ ಕೈಮಾಡಲಾಗಿ, 1827ರಲ್ಲಿ ಇಂಗ್ಲಿಷ್ ದಂಡು ಕೊಲ್ಲಾಪುರದ ಬಾಗಿಲಿಗೆ ಬಂದು, ಹೊಸ ಕರಾರಿನಂತೆ ಚಿಕ್ಕೋಡಿ ಮನೋಳಿಗಳನ್ನು ಮರಳಿ ಪಡೆಯಿತು. ಈ ಸಲ ಅವು ಯಾವ ಸರದಾರನಿಗೂ ಹೋಗಲಿಲ್ಲ. ಕಂಪೆನಿಯ ಲೆಕ್ಕದ ಪುಸ್ತಕವನ್ನು ಸೇರಿದವು.

ಚಿಕ್ಕೋಡಿಯ ಒಕ್ಕಲಿಗನ ದೃಷ್ಟಿಯಿಂದ ಇದನ್ನೊಮ್ಮೆ ನೋಡೋಣ. ಇಪ್ಪತ್ತು ವರ್ಷಗಳೊಳಗೆ ಅವನು ಕೊಲ್ಲಾಪುರಕ್ಕೆ ಕಂದಾಯ ಕೊಟ್ಟನು, ನಿಪ್ಪಾಣಿಗೆ ಕೊಟ್ಟನು, ಮತ್ತೆ ಕೊಲ್ಲಾಪುರಕ್ಕೆ ಕೊಟ್ಟನು, ಕೊನೆಗೆ ಕಂಪೆನಿಗೆ ಕೊಟ್ಟನು. ಒಡೆಯನು ಬದಲಾದಾಗಲೆಲ್ಲ ಸವಾರರು ಅವನ ಹೊಲದ ಮೇಲೆಯೇ ಹಾದುಹೋದರು. ಅವನ ಕಣದ ಕಡಬಿ ಅವರ ಕುದುರೆಗಳ ಮೇವಾಯಿತು. ವೀರರ ಚರಿತ್ರೆಯನ್ನು ಹೇಳುವಾಗ ಆ ವೀರರ ಕುದುರೆಗಳಿಗೆ ಮೇವು ಕೊಟ್ಟವನನ್ನು ನಾವು ಮರೆಯಬಾರದು. ಕಂಪೆನಿಯ ಆಳಿಕೆಯು ಪರಕೀಯವೇ ಆಗಿದ್ದರೂ ಅದನ್ನು ಜನರು ಅಷ್ಟು ಸುಲಭವಾಗಿ ಏಕೆ ಒಪ್ಪಿದರೆಂಬುದಕ್ಕೆ ಇದೂ ಒಂದು ಕಾರಣವಿದ್ದೀತು.

ಇನ್ನು ನಿಪ್ಪಾಣಿಕರನ ಕೊನೆಯ ದಿನಗಳು. ಯುದ್ಧವಿಲ್ಲದ ದೇಶದಲ್ಲಿ ಸರಲಷ್ಕರನ ಬಿರುದಿಗೆ ಏನು ಅರ್ಥ? ಸವಾರರು ಕಡಮೆಯಾದರು, ಚಾಕರಿಯನ್ನು ಕೇಳುವ ಪೇಷ್ವೆಯು ದೂರದ ಬಿಠೂರಿನಲ್ಲಿ ಪಿಂಚಣಿದಾರನಾಗಿ ಕುಳಿತಿದ್ದನು. ಚಾಕರಿಯಿಲ್ಲದ ಮೇಲೆ ಚಾಕರಿಗಾಗಿ ಕೊಟ್ಟ ಭೂಮಿಯು ಏಕೆಂಬ ಪ್ರಶ್ನೆಯು ಇಂಗ್ಲಿಷ್ ಕಚೇರಿಗಳಲ್ಲಿ ಏಳತೊಡಗಿತು. ಸಾಲದ್ದಕ್ಕೆ, ಅಪ್ಪಾ ದೇಸಾಯಿಗೆ ಔರಸ ಪುತ್ರನಿರಲಿಲ್ಲ. ವಾರಸಿಲ್ಲದ ಮನೆಯಲ್ಲಿ ಕಂಪೆನಿ ಸರ್ಕಾರವು ಹೇಗೆ ನಡೆದುಕೊಳ್ಳುತ್ತದೆಂಬುದನ್ನು ತಿಳಿಯಲು ಅವನು ಬಹುದೂರ ನೋಡಬೇಕಾಗಿರಲಿಲ್ಲ. ಬೆಳಗಾವಿಯ ಆಚೆಗಿನ ಕಿತ್ತೂರಿನಲ್ಲಿ 1824ರಲ್ಲಿ ಶಿವಲಿಂಗರುದ್ರ ಸರ್ಜನು ಸಂತಾನವಿಲ್ಲದೆ ತೀರಿಕೊಂಡಾಗ ಥ್ಯಾಕರೆಯು ದತ್ತಕವನ್ನು ಒಪ್ಪದೆ ಹೋದುದೂ, ರಾಣಿ ಚೆನ್ನಮ್ಮನು ಕತ್ತಿಯನ್ನು ಹಿಡಿದುದೂ, ಥ್ಯಾಕರೆಯು ಕಿತ್ತೂರಿನ ಕೋಟೆಯ ಮುಂದೆ ಹತನಾದುದೂ, ಕಡೆಗೆ ಸಂಸ್ಥಾನವು ಮುಗಿದುದೂ ಅವನ ಕಣ್ಣೆದುರಿನ ಘಟನೆಗಳು.

1839ರಲ್ಲಿ ಸಿದ್ಧೋಜಿರಾವ್ ನಿಂಬಾಳ್ಕರನು ತೀರಿಕೊಂಡನು. ಅವನೊಡನೆ ನಿಪ್ಪಾಣಿಯ ಸಂಸ್ಥಾನವೂ ಮುಗಿಯಿತು. ಕಂಪೆನಿ ಸರ್ಕಾರವು ಉತ್ತರಾಧಿಕಾರವನ್ನು ಒಪ್ಪದೆ ಸರಂಜಾಮನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅಥಣಿಯೂ ಇದರೊಡನೆಯೇ ಇಂಗ್ಲಿಷರ ಆಳಿಕೆಗೆ ಸೇರಿತು. 1841ರ ಆರಂಭದಲ್ಲಿ ಕೆಲವರು ಅರಬ್ಬೀ ಸಿಪಾಯಿಗಳನ್ನು ಕೂಡಿಸಿಕೊಂಡು ನಿಪ್ಪಾಣಿಯ ಕೋಟೆಯನ್ನು ಹಿಡಿದರು. ದಂಡು ಬಂದು ಕೋಟೆಯನ್ನು ಮರಳಿ ತೆಗೆದುಕೊಂಡಿತು. ಒಂದು ಕಾಲಕ್ಕೆ ಕೊಲ್ಲಾಪುರವನ್ನೇ ಅಲುಗಿಸಿದ ಮನೆಯ ಕೋಟೆಯಲ್ಲಿ ನಡೆದ ಕೊನೆಯ ಕಾಳಗದಲ್ಲಿ ಆ ಮನೆಯ ಕುದುರೆಪಡೆಯೇ ಇರಲಿಲ್ಲವೆಂಬುದು ಕಾಲದ ಮಹಿಮೆ.

ನೆರೆಯ ಪಟವರ್ಧನರ ಮನೆಗಳಿಗೂ ಇದೇ ನಿಯಮವು ತಗಲಿತು. ಪರಶುರಾಮಭಾವುವಿನ ತಾಸಗಾಂವವು 1848ರಲ್ಲಿ ವಾರಸಿಲ್ಲದೆ ಕಂಪೆನಿಯದಾಯಿತು. ಕುರುಂದವಾಡದಿಂದ 1811ರಲ್ಲಿ ಪಾಲಾಗಿ ಬಂದ ಶೇಡಬಾಳದ ಶಾಖೆಯು 1857ರಲ್ಲಿ ನಿಂತುಹೋಯಿತು. ಆ ಶೇಡಬಾಳವು ಕಾಗವಾಡದ ಸೀಮೆಯದೇ. ರಾಯಬಾಗವೊಂದು ಮಾತ್ರ ಕೊಲ್ಲಾಪುರದ ಅಧೀನದಲ್ಲಿಯೇ ಉಳಿದು, 1949ರಲ್ಲಿ ಆ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಬೆಳಗಾವಿ ಜಿಲ್ಲೆಯನ್ನು ಸೇರಿತು. ಹೀಗೆ ಚಿಕ್ಕೋಡಿಗೆ 1827, ನಿಪ್ಪಾಣಿ ಅಥಣಿಗಳಿಗೆ 1839, ಕಾಗವಾಡದ ಸೀಮೆಗೆ 1857, ರಾಯಬಾಗಕ್ಕೆ 1949: ಒಂದೇ ಬಂಡಿಯ ದಾರಿಯಲ್ಲಿರುವ ಊರುಗಳಿಗೆ ಇಷ್ಟು ಬೇರೆ ಬೇರೆ ಗಡುವುಗಳು. 1836ರಲ್ಲಿ ಬೆಳಗಾವಿಯು ಧಾರವಾಡದಿಂದ ಬೇರೆಯಾದ ಜಿಲ್ಲೆಯಾಯಿತು. 1956ರಲ್ಲಿ ಆ ಜಿಲ್ಲೆಯೊಡನೆ ಈ ಐದೂ ಊರುಗಳು ಅಂದಿನ ಮೈಸೂರು ರಾಜ್ಯವನ್ನು ಕೂಡಿದವು. ಈ ಊರುಗಳ ಹಳೆಯ ದಫ್ತರಗಳಲ್ಲಿ ಭಾಷೆಯೂ ಲಿಪಿಯೂ ಕಂದಾಯದ ಪದ್ಧತಿಯೂ ಒಂದೇ ಬಗೆಯಾಗಿಲ್ಲವೇಕೆಂದು ಕೇಳುವವರಿಗೆ ಉತ್ತರವು ಈ ಗಡುವುಗಳಲ್ಲಿದೆ.

ಇಲ್ಲಿ ಮೈಸೂರಿನ ಉದಾಹರಣೆಯನ್ನು ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಇದೇ ಪ್ರಶ್ನೆಯು ಎದುರಾಗಿತ್ತು. 1865ರಲ್ಲಿ ಅವರು ಮಾಡಿಕೊಂಡ ದತ್ತಕವನ್ನು ಸರ್ಕಾರವು ಮೊದಲು ಒಪ್ಪದಿದ್ದರೂ 1867ರಲ್ಲಿ ಒಪ್ಪಿತು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವು ಮರಳಿತು. ನಿಪ್ಪಾಣಿಗೂ ಮೈಸೂರಿಗೂ ನಡುವೆ ನಡೆದುಹೋದದ್ದು 1857ರ ದಂಗೆ. ವಾರಸಿಲ್ಲದ ಮನೆಯನ್ನು ನುಂಗುವುದು ತಮಗೇ ಅಪಾಯವೆಂಬುದನ್ನು ಆ ದಂಗೆಯು ಇಂಗ್ಲಿಷರಿಗೆ ಕಲಿಸಿತು. ಒಂದೇ ಪ್ರಶ್ನೆಗೆ 1839ರಲ್ಲಿ ಒಂದು ಉತ್ತರ, 1867ರಲ್ಲಿ ಇನ್ನೊಂದು. ಮನುಷ್ಯನ ಶೌರ್ಯಕ್ಕಿಂತ ಅವನು ಯಾವ ವರ್ಷದಲ್ಲಿ ಸತ್ತನೆಂಬುದೇ ಮನೆತನದ ಹಣೆಬರಹವನ್ನು ತೀರ್ಮಾನಿಸುವ ಕಾಲಗಳೂ ಉಂಟು.

ವೆಲಿಂಗ್ಟನ್ನನ ಆ ಇನ್ನೊಬ್ಬ ಮಿತ್ರನಿಗೆ ಏನಾಯಿತು? ಬ್ಲೂಖರನು 1814ರಲ್ಲಿ ರಾಜಕುಮಾರನ ಪದವಿಯನ್ನೂ ಭೂಮಿಯನ್ನೂ ಪಡೆದು 1819ರಲ್ಲಿ ತೀರಿಕೊಂಡನು. ಕುಲೀನ ಪದವಿಯು ಅವನ ವಂಶಕ್ಕೆ ಉಳಿಯಿತು. ಅವನು ಅಪ್ಪಾ ದೇಸಾಯಿಗಿಂತ ಹೆಚ್ಚು ನಿಷ್ಠನೆಂದೋ ಹೆಚ್ಚು ಶೂರನೆಂದೋ ಹೀಗಾಗಲಿಲ್ಲ. ಅವನೂ ಒಂದು ಪಕ್ಷವನ್ನು ಬಿಟ್ಟು ಇನ್ನೊಂದನ್ನು ಸೇರಿದವನೇ, ಒಡೆಯನೊಡನೆ ಮುನಿದವನೇ, ಸೋತು ಶರಣಾದವನೇ. ಆದರೆ ಅವನ ಹಿಂದೆ ನಿಂತಿದ್ದ ರಾಜ್ಯವು ಉಳಿಯಿತು. ಅಪ್ಪಾ ದೇಸಾಯಿಯ ಹಿಂದೆ ನಿಂತಿದ್ದ ರಾಜ್ಯವು ಅವನಿಗಿಂತ 21 ವರ್ಷ ಮೊದಲೇ ಅಳಿದುಹೋಗಿತ್ತು. ರಾಜ್ಯವು ತನ್ನ ಸೈನ್ಯವನ್ನು ತಾನೇ ಸಾಕದೆ ಸರದಾರರ ಕೈಗೆ ಒಪ್ಪಿಸಿದರೆ, ಸರದಾರರು ಮೊದಲು ರಾಜ್ಯಕ್ಕಿಂತ ದೊಡ್ಡವರಾಗುತ್ತಾರೆ. ಆಮೇಲೆ ರಾಜ್ಯವಿಲ್ಲದೆ ತಾವೂ ಚಿಕ್ಕವರಾಗುತ್ತಾರೆ. ಪೇಷ್ವೆಯ ಅಶ್ವಬಲದ ಹಿರಿಮೆಯೂ ದೌರ್ಬಲ್ಯವೂ ಇದರಲ್ಲಿಯೇ ಅಡಗಿತ್ತು.

ನಿಪ್ಪಾಣಿಕರನನ್ನು ದೇಶದ್ರೋಹಿಯೆಂದು ಹಳಿಯುವುದು ಸುಲಭ, ಜಾಣನೆಂದು ಹೊಗಳುವುದೂ ಸುಲಭ. ನಮಗೆ ಎರಡೂ ಸರಿತೋರುವುದಿಲ್ಲ. ಇಂದು ನಾವು ದೇಶವೆಂದು ಕರೆಯುವ ವಸ್ತುವು ಅವನಿಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ತನ್ನ ಉಪ್ಪು, ತನ್ನ ಮನೆ, ತನ್ನನ್ನು ನಂಬಿದ ಸವಾರರ ಹೊಟ್ಟೆ. ಬಾಪೂ ಗೋಖಲೆಯ ಮರಣವನ್ನು ನೆನೆಯುವಾಗ ನಾವು ತಲೆಬಾಗುತ್ತೇವೆ; ಅದು ಯೋಗ್ಯವೇ. ಆದರೆ ಉಳಿದುಕೊಂಡವನ ಸಂಕಟವನ್ನೂ ಚರಿತ್ರೆಯು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗೋಖಲೆಯು ಸೋತದ್ದು ಒಂದು ದಿನ. ದೇಸಾಯಿಯು 21 ವರ್ಷಗಳ ಕಾಲ ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಸೋತನು.

ಇಂದು ನಿಪ್ಪಾಣಿಯ ಹೆಸರನ್ನೆತ್ತಿದರೆ ಜನರಿಗೆ ನೆನಪಾಗುವುದು ಹೊಗೆಸೊಪ್ಪಿನ ಪೇಟೆ. ಪುಣೆ ಬೆಂಗಳೂರು ಹೆದ್ದಾರಿಯಲ್ಲಿ ಹಾದುಹೋಗುವವರಲ್ಲಿ ಹಲವರಿಗೆ ಇದು ಒಬ್ಬ ಸರಲಷ್ಕರನ ಊರೆಂಬುದು ತಿಳಿಯದು. ಊರೊಳಗೆ ನಿಪ್ಪಾಣಕರ ವಾಡೆಯೆಂಬ ಹೆಸರು ಮಾತ್ರ ಅವನನ್ನು ನೆನಪಿಗೆ ತರುತ್ತದೆ. ಕುದುರೆಗಳ ಲಾಯವು ಹೋಗಿ ವ್ಯಾಪಾರದ ಮಳಿಗೆಯು ಬಂದದ್ದಕ್ಕೆ ನಾವು ದುಃಖಿಸಬೇಕಾದದ್ದಿಲ್ಲ. ಒಕ್ಕಲಿಗನ ಹೊಲದ ಮೇಲೆ ದಂಡು ಹಾಯದಿರುವುದು ದೊಡ್ಡ ಭಾಗ್ಯವೇ. ಆದರೆ ನಮ್ಮ ತಾಲ್ಲೂಕಿನ ಎಲ್ಲೆಗಳನ್ನು ಎಳೆದವರು ಯಾರು, ಯಾವ ಕಾರಣಕ್ಕೆ ಎಳೆದರು, ಆ ಎಲ್ಲೆಯೊಳಗಿನ ಜನರನ್ನು ಒಂದು ಮಾತಾದರೂ ಕೇಳಿ ಎಳೆದರೇ ಎಂಬುದನ್ನು ವಿಚಾರಿಸುವ ಅಭ್ಯಾಸವು ನಮಗಿರಬೇಕು. ಚಿಕ್ಕೋಡಿಯ ಒಕ್ಕಲಿಗನನ್ನು 1812ರಲ್ಲಿ ಯಾರೂ ಕೇಳಲಿಲ್ಲ. 1818ರಲ್ಲಿಯೂ ಕೇಳಲಿಲ್ಲ, 1827ರಲ್ಲಿಯೂ ಕೇಳಲಿಲ್ಲ. ಕೇಳುವ ಕಾಲವೊಂದು ಬಂದಿದೆಯಾದ್ದರಿಂದಲೇ ಕೇಳದೆ ಹೋದ ಕಾಲವನ್ನು ನಾವು ಸರಿಯಾಗಿ ತಿಳಿದಿರುವುದು ಯುಕ್ತ.